ಒಂಬತ್ತು ಸಲ ಗೆದ್ದ ಅಮ್ಮ

ಫಿಗರ್ ಸ್ಕೇಟಿಂಗ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ರೀಲ್ಸ್‌ನಲ್ಲಿ ಬರೋ ಹದಿನೈದು ಸೆಕೆಂಡಿನ ವಿಡಿಯೋ. ಹೊಳೆಯೋ ಬಟ್ಟೆ ಹಾಕ್ಕೊಂಡು ಒಬ್ಬರು ಮಂಜುಗಡ್ಡೆ ಮೇಲೆ ಬುಗುರಿ ಥರ ಗಿರಗಿರ ತಿರುಗ್ತಾರೆ, ನಾವು ಲೈಕ್ ಒತ್ತಿ ಮುಂದಕ್ಕೆ ಹೋಗ್ತೀವಿ. ಈ ಸಲ ಸ್ವಲ್ಪ ನಿಂತು ನೋಡೋಣ. ನಾವು ಹೇಳೋಕೆ ಹೊರಟಿರೋದು ಮಾರಿಬೆಲ್ ವಿನ್ಸನ್ ಓವೆನ್ ಅನ್ನೋ ಅಮೆರಿಕದ ಸ್ಕೇಟರ್ ಕಥೆ. ಅವರು ತೀರಿಕೊಂಡು ಅರವತ್ತು ವರ್ಷದ ಮೇಲಾಯ್ತು.

ತಮ್ಮ ದೇಶದ ಮಹಿಳಾ ಚಾಂಪಿಯನ್ ಪಟ್ಟವನ್ನ ಒಂಬತ್ತು ಸಲ ಗೆದ್ದವರು, ಪತ್ರಕರ್ತೆ, ಮೂರು ಪುಸ್ತಕಗಳ ಲೇಖಕಿ, ಒಲಿಂಪಿಕ್ ಚಿನ್ನ ಗೆದ್ದ ಹುಡುಗಿಯ ಕೋಚ್, ಇಬ್ಬರು ಹೆಣ್ಣುಮಕ್ಕಳ ತಾಯಿ. ಇದರಲ್ಲಿ ಯಾವ ಒಂದನ್ನ ಹಿಡಿದರೂ ಒಂದು ಲೇಖನ ಆಗುತ್ತೆ. ಆದ್ರೆ ನಮ್ಮನ್ನ ತಡೆದು ನಿಲ್ಲಿಸಿದ್ದು ಕೊನೆಯದು. ತನ್ನ ಕೈಗೆ ಸಿಗದೆ ಹೋದ ಒಂದು ಕನಸನ್ನ ತಾಯಿಯೊಬ್ಬಳು ಮಕ್ಕಳ ಕೈಗೆ ಕೊಟ್ಟರೆ ಅದು ಪ್ರೀತಿನಾ, ಹೊರೆನಾ? ಅಪ್ಪ ಅಮ್ಮನ ಆಸೆ ಮೇಲೆ ಇಂಜಿನಿಯರಿಂಗ್‌ಗೆ ಬಂದವರು ಪ್ರತಿ ಬೆಂಚಿನಲ್ಲೂ ಒಬ್ಬರಾದರೂ ಇರ್ತಾರೆ. ಹಾಗಾಗಿ ಈ ಪ್ರಶ್ನೆ ನಮಗೆ ಅಷ್ಟೇನೂ ದೂರದ್ದಲ್ಲ.

ಐಸ್ ಮೇಲೆ ಬೆಳೆದ ಹುಡುಗಿ

ಮಾರಿಬೆಲ್ ಹುಟ್ಟಿದ್ದು 1911ರ ಅಕ್ಟೋಬರ್ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್‌ಗೆ ಹತ್ತಿರದ ವಿಂಚೆಸ್ಟರ್ ಅನ್ನೋ ಊರಿನ ಕುಟುಂಬದಲ್ಲಿ. ಅಪ್ಪ ಥಾಮಸ್ ವಿನ್ಸನ್ ವಕೀಲರು, ಜೊತೆಗೆ ಸ್ಕೇಟಿಂಗ್ ಹುಚ್ಚು ಇದ್ದವರು. ಅಮ್ಮ ಗರ್ಟ್ರೂಡ್ ಕೂಡ ಸ್ಕೇಟ್ ಮಾಡ್ತಿದ್ರು. ಚಳಿಗಾಲದಲ್ಲಿ ಕೆರೆಗಳೇ ಹೆಪ್ಪುಗಟ್ಟೋ ಆ ಪ್ರದೇಶದಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಅಂದ್ರೆ ನಮ್ಮ ಗಲ್ಲಿ ಕ್ರಿಕೆಟ್ ಇದ್ದ ಹಾಗೆ. ಮಾರಿಬೆಲ್ ಕೂಡ ತುಂಬಾ ಚಿಕ್ಕವಳಿದ್ದಾಗಲೇ ಬ್ಲೇಡ್ ಕಟ್ಟಿಕೊಂಡಳು. ಮುಂದೆ ಸ್ಕೇಟಿಂಗ್ ಕ್ಲಬ್ ಆಫ್ ಬಾಸ್ಟನ್‌ನಲ್ಲಿ ವಿಲ್ಲಿ ಫ್ರಿಕ್ ಅನ್ನೋ ಕೋಚ್ ಹತ್ರ ಸರಿಯಾದ ತರಬೇತಿ ಶುರುವಾಯ್ತು.

ಆ ಕಾಲದ ಸ್ಕೇಟಿಂಗ್ ಈಗಿನ ಥರ ಇರಲಿಲ್ಲ. ಹುಡುಗಿಯರು ಜಿಗಿದರೆ ಅದು ಹೆಣ್ಣಿಗೆ ಒಪ್ಪೋದಲ್ಲ ಅಂತ ಜಡ್ಜ್‌ಗಳು ಮುಖ ಸಿಂಡರಿಸ್ತಿದ್ದ ಕಾಲ ಅದು. ಮಾರಿಬೆಲ್ ಗಟ್ಟಿಮುಟ್ಟಾದ, ಜೋರಾದ, ಹಿಂಜರಿಕೆ ಇಲ್ಲದ ಸ್ಕೇಟರ್. 1928ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಮೊದಲ ಸಲ ಅಮೆರಿಕದ ಮಹಿಳಾ ಚಾಂಪಿಯನ್ ಆದಳು. 1933ರವರೆಗೆ ಸತತ ಆರು ವರ್ಷ ಆ ಪಟ್ಟವನ್ನ ಯಾರಿಗೂ ಬಿಟ್ಟುಕೊಡಲಿಲ್ಲ. 1934ರಲ್ಲಿ ಒಂದು ವರ್ಷದ ಬಿಡುವು. ಮತ್ತೆ 1935, 36, 37. ಒಟ್ಟು ಒಂಬತ್ತು. ಇದು ಸಾಲದು ಅಂತ ಜೋಡಿ ಸ್ಕೇಟಿಂಗ್‌ನಲ್ಲೂ ಥಾರ್ನ್‌ಟನ್ ಕೂಲಿಜ್ ಜೊತೆ ಎರಡು ಸಲ, ಜಾರ್ಜ್ ಹಿಲ್ ಜೊತೆ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್.

ಫಿಗರ್ ಅಂದ್ರೆ ಏನು?

ಇಲ್ಲಿ ಸ್ವಲ್ಪ ಟೆಕ್ನಿಕಲ್ ವಿಷಯಕ್ಕೆ ಬರೋಣ, ನಮ್ಮ ಓದುಗರಿಗೆ ಇದು ಇಷ್ಟ ಆಗುತ್ತೆ. ಸ್ಕೇಟ್ ಬ್ಲೇಡು ಚಾಕು ಥರ ಒಂದೇ ಅಲಗಿನದ್ದಲ್ಲ. ಅದರ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತಗ್ಗು ಇರುತ್ತೆ, ಅದರ ಎರಡೂ ಬದಿಗೆ ಎರಡು ಅಂಚು. ಒಂದು ಒಳಗಿನ ಎಡ್ಜ್, ಇನ್ನೊಂದು ಹೊರಗಿನ ಎಡ್ಜ್. ಯಾವ ಎಡ್ಜ್ ಮೇಲೆ ಮೈ ವಾಲಿಸ್ತೀವೋ ಆ ಕಡೆಗೆ ದಾರಿ ಬಾಗುತ್ತೆ. ಸ್ಕೇಟಿಂಗ್‌ನ ಎಲ್ಲಾ ಕಲೆಯೂ ಈ ವಾಲುವಿಕೆಯ ಮೇಲೇ ನಿಂತಿದೆ.

ಫಿಗರ್ ಅಂದ್ರೆ ಈ ಎಡ್ಜ್‌ಗಳಿಂದ ಐಸ್ ಮೇಲೆ ಬರೆಯೋ ಆಕೃತಿ. ಇಂಗ್ಲಿಷ್ ಎಂಟರ ಆಕಾರ ಅದಕ್ಕೆ ಮೂಲ: ಬಲಗಾಲಲ್ಲಿ ಒಂದು ವೃತ್ತ, ಎಡಗಾಲಲ್ಲಿ ಇನ್ನೊಂದು. ಒಂದು ಸಲ ಬರೆದ ಮೇಲೆ ಅದೇ ಗೆರೆ ಮೇಲೆ ಮತ್ತೆ ಮತ್ತೆ ಹೋಗಬೇಕು. ಆಮೇಲೆ ಜಡ್ಜ್‌ಗಳು ಬಂದು ಬಗ್ಗಿ, ಗೆರೆಗಳು ಎಷ್ಟು ಒಂದರ ಮೇಲೊಂದು ಕೂತಿವೆ ಅಂತ ನೋಡ್ತಾರೆ. ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಲ್ಲಿ ಕಾಂಪಾಸ್ ಹಿಡಿದೂ ನಮಗೆ ವೃತ್ತ ಕೂಡಿಬರಲ್ಲ. ಇವರು ಒಂಟಿಕಾಲಲ್ಲಿ, ಕಾಂಪಾಸ್ ಇಲ್ಲದೆ, ಜಾರೋ ನೆಲದ ಮೇಲೆ ಬರೀತಿದ್ರು! ಮಾರಿಬೆಲ್ ಕಾಲದಲ್ಲಿ ಒಟ್ಟು ಅಂಕದ ಶೇಕಡಾ 60 ಈ ಫಿಗರ್‌ಗಳಿಗೇ ಹೋಗ್ತಿತ್ತು. ನಾವು ರೀಲ್ಸ್‌ನಲ್ಲಿ ನೋಡೋ ಜಿಗಿತ, ಸ್ಪಿನ್, ಸಂಗೀತ ಎಲ್ಲಾ ಸೇರಿ ಉಳಿದ 40. ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಫಿಗರ್‌ಗಳನ್ನ ಪೂರ್ತಿ ತೆಗೆದದ್ದು 1990ರಲ್ಲಿ. ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ.

ಸ್ಪಿನ್ ಬಗ್ಗೆಯೂ ಒಂದು ಮಾತು. ಫಿಸಿಕ್ಸ್ ಪುಸ್ತಕದಲ್ಲಿ ಆಂಗ್ಯುಲರ್ ಮೊಮೆಂಟಮ್ ಪಾಠಕ್ಕೆ ಸ್ಕೇಟರ್ ಚಿತ್ರ ಹಾಕಿರ್ತಾರಲ್ಲ, ಅದೇ. ಕೈ ಚಾಚಿದಾಗ ಮೊಮೆಂಟ್ ಆಫ್ ಇನರ್ಷಿಯಾ ಜಾಸ್ತಿ, ವೇಗ ಕಮ್ಮಿ. ಕೈ ಎದೆಗೆ ಎಳ್ಕೊಂಡ ತಕ್ಷಣ ಅದು ಉಲ್ಟಾ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಮಾರ್ಕ್ಸ್. ಐಸ್ ಮೇಲೆ ಇದನ್ನ ತಲೆಸುತ್ತದೆ ಮಾಡೋಕೆ ಹತ್ತು ವರ್ಷ.

ಸಿಗದ ಚಿನ್ನ

ದೇಶದೊಳಗೆ ಎದುರಾಳಿಯೇ ಇಲ್ಲದ ಮಾರಿಬೆಲ್‌ಗೆ ಹೊರಗೆ ಒಬ್ಬಳಿದ್ದಳು. ನಾರ್ವೆಯ ಸೋನ್ಯಾ ಹೆನಿ. ಮಾರಿಬೆಲ್‌ಗಿಂತ ಆರು ತಿಂಗಳು ಚಿಕ್ಕವಳು. 1928, 1932, 1936, ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಅವಳದ್ದೇ. 1927ರಿಂದ 1936ರವರೆಗೆ ಹತ್ತು ವಿಶ್ವ ಚಾಂಪಿಯನ್‌ಷಿಪ್‌ಗಳೂ ಅವಳದ್ದೇ. ಅಂದ್ರೆ ಮಾರಿಬೆಲ್‌ರ ಹೆಚ್ಚುಕಮ್ಮಿ ಇಡೀ ಸ್ಪರ್ಧಾ ಜೀವನ ಹೆನಿಯ ನೆರಳಲ್ಲೇ ಕಳೀತು.

1928ರ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ನಲ್ಲಿ ಮಾರಿಬೆಲ್‌ಗೆ ನಾಲ್ಕನೇ ಸ್ಥಾನ. ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 1930ರಲ್ಲಿ ಕಂಚು. 1932ರಲ್ಲಿ ಒಲಿಂಪಿಕ್ಸ್ ಅವರದ್ದೇ ದೇಶದ ಲೇಕ್ ಪ್ಲಾಸಿಡ್‌ಗೆ ಬಂತು. ಅಲ್ಲಿ ಕಂಚು ಸಿಕ್ತು. 1936ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಐದನೇ ಸ್ಥಾನ, ಜೋಡಿ ವಿಭಾಗದಲ್ಲೂ ಐದನೆಯದೇ. ಅಷ್ಟೇ. ಒಲಿಂಪಿಕ್ ಚಿನ್ನ ಅನ್ನೋ ಅಧ್ಯಾಯ ಅವರ ಪಾಲಿಗೆ ಅಲ್ಲಿಗೆ ಮುಗೀತು.

ನಾವು ಸಾಮಾನ್ಯವಾಗಿ ಗೆದ್ದವರ ಕಥೆ ಮಾತ್ರ ಓದ್ತೀವಿ. ಹೆನಿ ಮುಂದೆ ಹಾಲಿವುಡ್‌ಗೆ ಹೋಗಿ ಸಿನಿಮಾ ತಾರೆ ಆದಳು, ಅವಳ ಹೆಸರು ಇವತ್ತಿಗೂ ಎಲ್ಲರಿಗೂ ಗೊತ್ತು. ಆದ್ರೆ ಪ್ರತಿ ಸಲ ಒಬ್ಬಳೇ ಗೆಲ್ತಾಳೆ ಅಂತ ಗೊತ್ತಿದ್ದೂ ಎಂಟು ವರ್ಷ ಮತ್ತೆ ಮತ್ತೆ ಬ್ಲೇಡ್ ಕಟ್ಕೊಂಡು ನಿಲ್ಲೋದಿದೆಯಲ್ಲ, ಅದಕ್ಕೂ ಒಂದು ಎದೆಗಾರಿಕೆ ಬೇಕು.

ನ್ಯೂಸ್‌ರೂಮಿನ ಒಬ್ಬಂಟಿ

ಮಾರಿಬೆಲ್ ಬರೀ ಸ್ಕೇಟಿಂಗ್ ಮಾಡ್ಕೊಂಡು ಕೂರಲಿಲ್ಲ. ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪದವಿ ಓದಿದರು. ಹಾರ್ವರ್ಡ್ ಹುಡುಗಿಯರನ್ನ ಸೇರಿಸಿಕೊಳ್ಳದ ಕಾಲದಲ್ಲಿ ಅದರ ಪಕ್ಕದಲ್ಲೇ ಹುಡುಗಿಯರಿಗೆ ಅಂತ ಇದ್ದ ಕಾಲೇಜು ಅದು. ಓದು ಮುಗಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸೇರಿದರು. ಆ ಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡಿದ ಮೊದಲ ಮಹಿಳೆ ಇವರೇ. ದೇಶದ ಚಾಂಪಿಯನ್ ಆಗಿದ್ದುಕೊಂಡೇ ವರದಿಗಾರ್ತಿ ಕೂಡ ಆಗಿದ್ರು. ಬ್ಯಾಟಿಂಗ್ ಮುಗಿಸಿ ಬಂದ ಆಟಗಾರನೇ ಪ್ರೆಸ್ ಬಾಕ್ಸ್‌ನಲ್ಲಿ ಕೂತು ಬರೆದ ಹಾಗೆ ಅಂದ್ಕೊಳ್ಳಿ.

ಇನ್ನೊಂದು ವಿಷಯ ನಮಗೆ ತುಂಬಾ ಹಿಡಿಸ್ತು. ಆಗ ನ್ಯೂಯಾರ್ಕ್‌ನಲ್ಲಿ ಮೇಬಲ್ ಫೇರ್‌ಬ್ಯಾಂಕ್ಸ್ ಅಂತ ಒಬ್ಬ ಕಪ್ಪು ಹುಡುಗಿ ಇದ್ದಳು. ಸ್ಕೇಟಿಂಗ್ ಕಲೀಬೇಕು ಅಂತ ಆಸೆ, ಆದ್ರೆ ಬಣ್ಣದ ಕಾರಣಕ್ಕೆ ರಿಂಕ್ ಒಳಗೆ ಬಿಡ್ತಿರಲಿಲ್ಲ. ಸ್ಪರ್ಧೆಗಂತೂ ಬಾಗಿಲೇ ಮುಚ್ಚಿತ್ತು. ಅವಳಿಗೆ ಐಸ್ ಮೇಲೆ ಪಾಠ ಹೇಳಿಕೊಟ್ಟವರಲ್ಲಿ ಮಾರಿಬೆಲ್ ಒಬ್ಬರು. ಫೇರ್‌ಬ್ಯಾಂಕ್ಸ್ ಸ್ಪರ್ಧೆಗೆ ಇಳಿಯೋಕೆ ಆಗಲೇ ಇಲ್ಲ. ಆದ್ರೆ ಮುಂದೆ ದೊಡ್ಡ ಕೋಚ್ ಆಗಿ, ಅಮೆರಿಕದ ಫಿಗರ್ ಸ್ಕೇಟಿಂಗ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಆದರು.

ಮದುವೆ, ಮಕ್ಕಳು, ಒಂಟಿ ಸಂಸಾರ

ಆಗಿನ ನಿಯಮದ ಪ್ರಕಾರ ಸ್ಕೇಟಿಂಗ್‌ನಿಂದ ಒಂದು ಪೈಸೆ ದುಡಿದರೂ ಒಲಿಂಪಿಕ್ಸ್‌ಗೆ ಅನರ್ಹ. ಅದಕ್ಕೆ ಅಮೆಚೂರ್ ನಿಯಮ ಅಂತಾರೆ. 1937ರ ಕೊನೆಯ ಗೆಲುವಿನ ನಂತರ ಮಾರಿಬೆಲ್ ವೃತ್ತಿಪರರಾದರು, ಅಂದ್ರೆ ಸ್ಪರ್ಧೆಗೆ ಶಾಶ್ವತವಾಗಿ ವಿದಾಯ ಹೇಳಿದರು. 1938ರಲ್ಲಿ ಕೆನಡಾದ ಸ್ಕೇಟರ್ ಗೈ ಓವೆನ್ ಅವರನ್ನ ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಐಸ್ ಶೋಗಳಲ್ಲಿ ಊರೂರು ಸುತ್ತಿದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ನೆಲೆ ನಿಂತು ಪಾಠ ಹೇಳೋಕೆ ಶುರು ಮಾಡಿದರು. 1940ರಲ್ಲಿ ಮೊದಲ ಮಗಳು ಹುಟ್ಟಿದಳು. ಅವಳಿಗೂ ಮಾರಿಬೆಲ್ ಅಂತಲೇ ಹೆಸರಿಟ್ಟರು, ಹಾಗಾಗಿ ಇಲ್ಲಿ ಚಿಕ್ಕ ಮಾರಿಬೆಲ್ ಅನ್ನೋಣ. 1944ರಲ್ಲಿ ಎರಡನೇ ಮಗಳು ಲಾರೆನ್ಸ್.

ಮದುವೆ ಉಳೀಲಿಲ್ಲ, ಇಬ್ಬರೂ ಬೇರೆಯಾದರು. ಗೈ ಓವೆನ್ 1952ರಲ್ಲಿ ತೀರಿಕೊಂಡರು. ಆ ಹೊತ್ತಿಗೇ ಮಾರಿಬೆಲ್‌ರ ಅಪ್ಪನೂ ಹೋದರು. ಇಬ್ಬರು ಹುಡುಗಿಯರನ್ನ ಕರ್ಕೊಂಡು ಮಾರಿಬೆಲ್ ದೇಶದ ಆ ತುದಿಯಿಂದ ಈ ತುದಿಗೆ, ವಿಂಚೆಸ್ಟರ್‌ನ ತವರುಮನೆಗೆ ವಾಪಸ್ ಬಂದರು. ಮನೆಯಲ್ಲಿ ನಾಲ್ಕು ಹೆಣ್ಣುಗಳು: ಅಜ್ಜಿ ಗರ್ಟ್ರೂಡ್, ಅಮ್ಮ, ಇಬ್ಬರು ಮಕ್ಕಳು. ದುಡಿಯೋ ಕೈ ಒಂದೇ.

ಅಲ್ಲಿಂದ ಮಾರಿಬೆಲ್ ಬಾಸ್ಟನ್ ಸುತ್ತಮುತ್ತಲಿನ ರಿಂಕ್‌ಗಳಲ್ಲಿ ಪಾಠ ಹೇಳಿ ಸಂಸಾರ ನಡೆಸಿದರು. ಸ್ಕೇಟಿಂಗ್ ಕೋಚ್ ಕೆಲಸ ಅಂದ್ರೆ ಹೊರಗಿನವರಿಗೆ ಹಾಯಾಗಿ ಕಾಣಬಹುದು. ನಿಜವಾಗಿ ಅದು ಶಾಲೆ ಶುರುವಾಗೋ ಮುಂಚೆ ಬೆಳಗಿನ ಜಾವ, ಮತ್ತೆ ಶಾಲೆ ಬಿಟ್ಟ ಮೇಲೆ ರಾತ್ರಿವರೆಗೆ, ಕೊರೆಯೋ ಐಸ್ ಮೇಲೆ ನಿಂತು ಗಂಟಲು ಹರ್ಕೊಳ್ಳೋ ಕೆಲಸ. ಒಂಬತ್ತು ಸಲದ ಚಾಂಪಿಯನ್‌ಗೆ ಪಿಂಚಣಿ ಏನೂ ಇರಲಿಲ್ಲ.

ಕಟ್ಟುನಿಟ್ಟಿನ ಕೋಚ್

ಮಾರಿಬೆಲ್‌ರ ಶಿಷ್ಯರು ಆಮೇಲೆ ಅವರನ್ನ ನೆನಪಿಸಿಕೊಂಡಿರೋದು ಬಹುತೇಕ ಒಂದೇ ರೀತಿ: ದೊಡ್ಡ ದನಿ, ದೊಡ್ಡ ಮನಸ್ಸು, ಮುಲಾಜಿಲ್ಲದ ಮಾತು. ತಪ್ಪು ಮಾಡಿದರೆ ಇಡೀ ರಿಂಕ್‌ಗೆ ಕೇಳೋ ಹಾಗೆ ಬೈತಿದ್ರು. ಆದ್ರೆ ಸ್ಕೇಟಿಂಗ್‌ಗೋಸ್ಕರ ಓದು ಬಿಡ್ತೀನಿ ಅಂದ್ರೆ ಅವರ ಹತ್ರ ನಡೀತಿರಲಿಲ್ಲ. ತಾವು ಚಾಂಪಿಯನ್ ಆಗಿದ್ದಾಗಲೇ ಡಿಗ್ರಿ ಮುಗಿಸಿದವರು, ಬೇರೆಯವರ ನೆಪ ಯಾಕೆ ಕೇಳ್ತಾರೆ?

ಅವರ ಅತಿ ದೊಡ್ಡ ಶಿಷ್ಯೆ ಟೆನ್ಲಿ ಆಲ್‌ಬ್ರೈಟ್. 1946ರಲ್ಲಿ, ಹನ್ನೊಂದನೇ ವಯಸ್ಸಿಗೆ ಪೋಲಿಯೋ ಬಂದು ಆಸ್ಪತ್ರೆ ಸೇರಿದ್ದ ಹುಡುಗಿ ಅವಳು. ಗುಣವಾದ ಮೇಲೆ ಮತ್ತೆ ಐಸ್‌ಗೆ ಬಂದಳು. 1952ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 1953ರಲ್ಲಿ ವಿಶ್ವ ಚಾಂಪಿಯನ್. 1956ರಲ್ಲಿ ಇಟಲಿಯ ಕೊರ್ಟಿನಾದಲ್ಲಿ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ ಅಭ್ಯಾಸದಲ್ಲಿ ಬಿದ್ದು, ಅವಳದೇ ಬ್ಲೇಡ್ ಬೂಟನ್ನ ಸೀಳಿ ಬಲಗಾಲಿನ ಹಿಮ್ಮಡಿ ಹತ್ರ ಗಾಯ ಮಾಡ್ತು. ಸರ್ಜನ್ ಆಗಿದ್ದ ಅವಳ ಅಪ್ಪನೇ ಬಂದು ಚಿಕಿತ್ಸೆ ಮಾಡಿದರು. ಆ ಕಾಲಲ್ಲೇ ಆಡಿ ಚಿನ್ನ ಗೆದ್ದಳು. ಮಹಿಳಾ ಸಿಂಗಲ್ಸ್‌ನಲ್ಲಿ ಅಮೆರಿಕಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಮುಂದೆ ಅಪ್ಪನ ಹಾಗೇ ಸರ್ಜನ್ ಆದಳು.

ಅಂದ್ರೆ ಮಾರಿಬೆಲ್ ತಾನು ಗೆಲ್ಲದ ಚಿನ್ನವನ್ನ ಶಿಷ್ಯೆಯ ಕೊರಳಲ್ಲಿ ನೋಡಿಬಿಟ್ಟರು. ಅಲ್ಲಿಗೆ ಆಸೆ ತೀರಬೇಕಿತ್ತು. ತೀರಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಮನೆಯಲ್ಲೇ ಇಬ್ಬರು ತಯಾರಾಗ್ತಿದ್ರು.

ಅಮ್ಮನೇ ಕೋಚ್ ಆದಾಗ

ಮನೆಯಲ್ಲೂ ಅಮ್ಮ, ರಿಂಕ್‌ನಲ್ಲೂ ಅಮ್ಮ. ಊಹಿಸಿಕೊಂಡ್ರೇ ನಮಗೆ ಸ್ವಲ್ಪ ಉಸಿರು ಕಟ್ಟುತ್ತೆ. ಇಂಟರ್ನಲ್ಸ್ ಪೇಪರ್ ತಿದ್ದೋ ಮೇಷ್ಟ್ರೇ ರಾತ್ರಿ ಊಟಕ್ಕೆ ಎದುರು ಕೂತ ಹಾಗೆ. ಮಾರಿಬೆಲ್ ತಮ್ಮ ಮಕ್ಕಳಿಗೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಕಟ್ಟುನಿಟ್ಟಾಗಿದ್ರು ಅನ್ನೋದು ಆಗ ಅವರ ಜೊತೆ ಇದ್ದವರೆಲ್ಲ ಹೇಳಿರೋ ಮಾತು.

ಚಿಕ್ಕ ಮಾರಿಬೆಲ್ ಜೋಡಿ ಸ್ಕೇಟಿಂಗ್ ಆರಿಸಿಕೊಂಡಳು, ಜೊತೆಗಾರ ಡಡ್ಲಿ ರಿಚರ್ಡ್ಸ್. ಬಾಸ್ಟನ್ ಯೂನಿವರ್ಸಿಟಿಯಲ್ಲಿ ಓದ್ತಿದ್ದಳು. ತಂಗಿ ಲಾರೆನ್ಸ್ ಸಿಂಗಲ್ಸ್. ಗಿಡ್ಡ ಕೂದಲು, ಮುಖದ ತುಂಬಾ ನಗು, ಸಂಗೀತಕ್ಕೆ ಮೈಯೆಲ್ಲ ಸ್ಪಂದಿಸೋ ಹುಡುಗಿ. 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ಗೆ ಅಕ್ಕ ತಂಗಿ ಇಬ್ಬರೂ ಹೋದರು. ಹದಿನೈದು ವರ್ಷದ ಲಾರೆನ್ಸ್ ಆರನೇ ಸ್ಥಾನ, ಅಕ್ಕನ ಜೋಡಿಗೆ ಹತ್ತನೇ ಸ್ಥಾನ. ಆ ವರ್ಷ ಚಿನ್ನ ಗೆದ್ದ ಅಮೆರಿಕದ ಕ್ಯಾರಲ್ ಹೈಸ್ ಆಮೇಲೆ ನಿವೃತ್ತಿ ಹೇಳಿದರು. ದಾರಿ ತೆರೆದಿತ್ತು.

1961ರ ಜನವರಿಯಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್. ಲಾರೆನ್ಸ್ ಮಹಿಳಾ ಚಾಂಪಿಯನ್ ಆದಳು. ಅಮ್ಮ 1928ರಲ್ಲಿ ಮೊದಲ ಸಲ ಗೆದ್ದಾಗ ಎಷ್ಟು ವಯಸ್ಸಾಗಿತ್ತೋ ಮಗಳಿಗೂ ಅಷ್ಟೇ, ಹದಿನಾರು. ಅದೇ ಸ್ಪರ್ಧೆಯಲ್ಲಿ ಚಿಕ್ಕ ಮಾರಿಬೆಲ್ ಮತ್ತು ಡಡ್ಲಿ ಜೋಡಿ ಚಾಂಪಿಯನ್. ಒಂದೇ ಮನೆ, ಒಂದೇ ವರ್ಷ, ಎರಡು ಪಟ್ಟ. ಒಂದು ತಿಂಗಳೊಳಗೆ ಫಿಲಡೆಲ್ಫಿಯಾದಲ್ಲಿ ಉತ್ತರ ಅಮೆರಿಕ ಚಾಂಪಿಯನ್‌ಷಿಪ್ ಕೂಡ ಲಾರೆನ್ಸ್ ಗೆದ್ದಳು. ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಫೆಬ್ರವರಿ 13ರ ಸಂಚಿಕೆಯ ಮುಖಪುಟಕ್ಕೆ ಅವಳ ಫೋಟೋ ಹಾಕ್ತು. ಮುಂದಿನದು ಪ್ರಾಗ್‌ನಲ್ಲಿ ನಡೆಯಬೇಕಿದ್ದ ವಿಶ್ವ ಚಾಂಪಿಯನ್‌ಷಿಪ್.

ಫೆಬ್ರವರಿ 15

ಫೆಬ್ರವರಿ 14ರ ಸಂಜೆ ನ್ಯೂಯಾರ್ಕ್‌ನಿಂದ ಬೆಲ್ಜಿಯಂನ ಸಬೀನಾ ಕಂಪನಿಯ 548ನೇ ನಂಬರಿನ ವಿಮಾನ ಬ್ರಸೆಲ್ಸ್‌ಗೆ ಹೊರಡ್ತು. ಬೋಯಿಂಗ್ 707. ಅಮೆರಿಕದ ಇಡೀ ತಂಡ ಅದರಲ್ಲಿತ್ತು: 18 ಸ್ಕೇಟರ್‌ಗಳು, ಜೊತೆಗೆ ಕೋಚ್‌ಗಳು, ಅಧಿಕಾರಿಗಳು, ಮನೆಯವರು ಸೇರಿ 16 ಜನ. ಮಾರಿಬೆಲ್ ಮತ್ತು ಇಬ್ಬರು ಮಕ್ಕಳು ಒಟ್ಟಿಗೆ ಇದ್ರು. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ವಿಮಾನ ಬ್ರಸೆಲ್ಸ್‌ನಲ್ಲಿ ಇಳಿಯೋಕೆ ಬಂತು. ಆಕಾಶ ತಿಳಿಯಾಗಿತ್ತು. ಆದ್ರೆ ವಿಮಾನ ಇಳಿಯದೆ ಮತ್ತೆ ಮೇಲೇರಿ, ಗಿರಕಿ ಹೊಡೆದು, ಬರ್ಗ್ ಅನ್ನೋ ಹಳ್ಳಿಯ ಹೊಲಕ್ಕೆ ಬಿತ್ತು. ಒಳಗಿದ್ದ 72 ಜನರಲ್ಲಿ ಒಬ್ಬರೂ ಉಳೀಲಿಲ್ಲ. ಹೊಲದಲ್ಲಿ ಕೆಲಸ ಮಾಡ್ತಿದ್ದ ಒಬ್ಬ ರೈತನೂ ಸತ್ತ.

ಮಾರಿಬೆಲ್‌ಗೆ 49 ವರ್ಷ. ಚಿಕ್ಕ ಮಾರಿಬೆಲ್‌ಗೆ 20. ಲಾರೆನ್ಸ್‌ಗೆ 16. ವಿಂಚೆಸ್ಟರ್‌ನ ಮನೆಯಲ್ಲಿ ಅಜ್ಜಿ ಗರ್ಟ್ರೂಡ್ ಒಬ್ಬರೇ ಉಳಿದರು. ಮಗಳು, ಇಬ್ಬರು ಮೊಮ್ಮಕ್ಕಳು, ಮೂರೂ ಒಂದೇ ಬೆಳಿಗ್ಗೆ. ಅಂಗಡಿಗಳಲ್ಲಿ ಲಾರೆನ್ಸ್ ಫೋಟೋ ಇದ್ದ ಪತ್ರಿಕೆ ಆ ವಾರ ಇನ್ನೂ ಮಾರಾಟಕ್ಕಿತ್ತು.

ಪ್ರಯಾಣಿಕರ ಸೇವೆಯಲ್ಲಿದ್ದ ಬೋಯಿಂಗ್ 707ಗೆ ಸಾವು ನೋವು ತಂದ ಮೊದಲ ಅಪಘಾತ ಅದು. ತನಿಖೆಯಲ್ಲಿ ಕಾರಣ ಖಚಿತವಾಗಿ ಸಾಬೀತಾಗಲಿಲ್ಲ. ವಿಮಾನದ ಮೂತಿಯನ್ನ ಏರಿಸಿ ಇಳಿಸೋಕೆ ಬಾಲದಲ್ಲಿರೋ ಸ್ಟೆಬಿಲೈಸರ್‌ನ ಹೊಂದಿಸೋ ವ್ಯವಸ್ಥೆ ಕೆಟ್ಟಿರಬಹುದು ಅನ್ನೋದು ಮುಖ್ಯ ಅನುಮಾನ. ನಾಳೆ ಯಂತ್ರ ಕಟ್ಟೋಕೆ ಹೊರಡೋ ನಾವು ಈ ವಾಕ್ಯವನ್ನ ಎರಡು ಸಲ ಓದಬೇಕು. ಯಾವುದೋ ಮೋಟಾರು, ಯಾವುದೋ ಸ್ವಿಚ್ಚು ಅಂತ ನಾವು ಡ್ರಾಯಿಂಗ್‌ನಲ್ಲಿ ನೋಡೋದರ ಆ ಕಡೆ ಒಂದು ಮನೆಯೇ ಕೂತಿರುತ್ತೆ.

ಇನ್ನೊಂದು ಪಾಠ ಸಂಸ್ಥೆಯದ್ದು. ಸಿಸ್ಟಮ್ ಡಿಸೈನ್‌ನಲ್ಲಿ ನಾವು ಓದ್ತೀವಲ್ಲ, ಎಲ್ಲಾ ಭಾರ ಒಂದೇ ಕಡೆ ಇಟ್ಟರೆ ಅದು ಬಿದ್ದಾಗ ಎಲ್ಲಾ ಬೀಳುತ್ತೆ ಅಂತ. ಅಮೆರಿಕದ ಸ್ಕೇಟಿಂಗ್‌ಗೆ ಆಗಿದ್ದು ಅದೇ. ಆಟಗಾರರ ಒಂದು ತಲೆಮಾರು, ಅವರನ್ನ ಬೆಳೆಸಿದ ಕೋಚ್‌ಗಳು ಎಲ್ಲಾ ಒಂದೇ ವಿಮಾನದಲ್ಲಿ. ಅಲ್ಲಿಂದ ಮುಂದೆ ಇಡೀ ತಂಡ ಒಂದೇ ವಿಮಾನದಲ್ಲಿ ಹೋಗಬಾರದು ಅಂತ ನಿಯಮ ಬಂತು. ಪ್ರಾಗ್‌ನ ವಿಶ್ವ ಚಾಂಪಿಯನ್‌ಷಿಪ್ ಆ ವರ್ಷ ನಡೀಲೇ ಇಲ್ಲ.

ಗೆರೆ ಅಳಿಸಲಿಲ್ಲ

1960ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ನಿವೃತ್ತಿಯಾಗಿದ್ದ ಬಾರ್ಬರಾ ರೋಲ್ಸ್ ಈ ಸುದ್ದಿ ಕೇಳಿ ವಾಪಸ್ ಬಂದರು. ಅಷ್ಟರಲ್ಲಿ ಅವರಿಗೆ ಮಗು ಆಗಿತ್ತು. ಎಳೆ ಕೂಸಿನ ತಾಯಿ 1962ರ ರಾಷ್ಟ್ರೀಯ ಪಟ್ಟ ಗೆದ್ದರು. ಅಪಘಾತದಲ್ಲಿ ತನ್ನ ಕೋಚ್ ಬಿಲ್ ಕಿಪ್ ಅವರನ್ನ ಕಳ್ಕೊಂಡ ಹನ್ನೆರಡು ವರ್ಷದ ಪೆಗ್ಗಿ ಫ್ಲೆಮಿಂಗ್ ಏಳು ವರ್ಷದ ಮೇಲೆ, 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು. ಸತ್ತವರ ಹೆಸರಲ್ಲಿ ಸ್ಥಾಪಿಸಿದ ಸ್ಮಾರಕ ನಿಧಿ ಇವತ್ತಿಗೂ ದುಡ್ಡಿಲ್ಲದ ಸ್ಕೇಟರ್‌ಗಳಿಗೆ ಸಹಾಯ ಮಾಡ್ತಿದೆ.

ಮಾರಿಬೆಲ್‌ರ ಒಬ್ಬ ಶಿಷ್ಯ ಫ್ರಾಂಕ್ ಕ್ಯಾರಲ್. ಅವರು ಮುಂದೆ ತಮ್ಮ ಗುರುವಿನ ಹಾಗೇ ಕೋಚ್ ಆದರು. ಅವರ ಕೈಯಲ್ಲಿ ಬೆಳೆದವರಲ್ಲಿ ಮಿಷೆಲ್ ಕ್ವಾನ್ ಒಬ್ಬರು. ಕ್ವಾನ್ 2005ರಲ್ಲಿ ತಮ್ಮ ಒಂಬತ್ತನೇ ರಾಷ್ಟ್ರೀಯ ಪಟ್ಟ ಗೆದ್ದಾಗ ಯಾರ ದಾಖಲೆ ಸರಿಗಟ್ಟಿದ್ರು ಗೊತ್ತಾ? 1937ರಿಂದ ಹಾಗೇ ಇದ್ದ ಮಾರಿಬೆಲ್ ವಿನ್ಸನ್ ದಾಖಲೆ. ಕ್ಯಾರಲ್‌ರ ಇನ್ನೊಬ್ಬ ಶಿಷ್ಯ ಇವಾನ್ ಲೈಸಾಚೆಕ್ 2010ರ ವ್ಯಾಂಕೂವರ್‌ನಲ್ಲಿ ಪುರುಷರ ಚಿನ್ನ ಗೆದ್ದರು. ಎಂಟರ ಆಕಾರದ ಫಿಗರ್‌ನಲ್ಲಿ ಹಳೇ ಗೆರೆ ಮೇಲೆ ಮತ್ತೊಬ್ಬರು ಹೋದ ಹಾಗೆ.

ವಿಂಚೆಸ್ಟರ್‌ನಲ್ಲಿ ಇವತ್ತು ವಿನ್ಸನ್ ಓವೆನ್ ಹೆಸರಿನ ಒಂದು ಪ್ರಾಥಮಿಕ ಶಾಲೆ ಇದೆ.

ಪ್ರೀತಿನಾ, ಹೊರೆನಾ?

ಈಗ ಶುರುವಿನ ಪ್ರಶ್ನೆಗೆ ಬರೋಣ. ಇದರ ಬಗ್ಗೆ ನಮ್ಮ ಕ್ಲಬ್‌ನಲ್ಲೇ ಒಮ್ಮತ ಇಲ್ಲ. ಕೆಲವರು ಹೇಳೋದು, ಮಾರಿಬೆಲ್ ತನ್ನ ಆಸೆಯನ್ನ ಮಕ್ಕಳ ಮೇಲೆ ಹೇರಿದ್ರು, ಆ ಹುಡುಗಿಯರಿಗೆ ಬೇರೆ ದಾರಿಯೇ ಇರಲಿಲ್ಲ ಅಂತ. ಹುಟ್ಟಿದ್ದೇ ಐಸ್ ಮೇಲೆ ಅಂದ್ಮೇಲೆ ಆಯ್ಕೆ ಎಲ್ಲಿಂದ ಬರಬೇಕು? ಇದನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ.

ಇನ್ನು ಕೆಲವರು ಹೇಳೋದು ಬೇರೆ. ಮಗ ಡಾಕ್ಟರ್ ಆಗ್ಲಿ ಅಂತ ಹೇಳಿ ಟಿವಿ ಮುಂದೆ ಕೂರೋ ಥರದ ಆಸೆ ಇದಲ್ಲ. ಬೆಳಗಿನ ಜಾವ ಮಕ್ಕಳು ಎದ್ದರೆ ಅಮ್ಮ ಅವರಿಗಿಂತ ಮುಂಚೆ ಎದ್ದಿರ್ತಿದ್ರು. ಮಕ್ಕಳಿಗೆ ಚಳಿ ಆದರೆ ಅದೇ ಐಸ್ ಮೇಲೆ ಅಮ್ಮನಿಗೂ ಚಳಿ ಆಗ್ತಿತ್ತು. ಸೋಲು ಅಂದ್ರೆ ಏನು ಅಂತ ಅವರಿಗೆ ಮೂರು ಒಲಿಂಪಿಕ್ಸ್ ಆಡಿ ಗೊತ್ತಿತ್ತು. ಜೊತೆಗೆ, ಪದಕ ಬರಲಿ ಬಿಡಲಿ, ಮಕ್ಕಳ ಓದು ನಿಲ್ಲಬಾರದು ಅಂತ ನೋಡಿಕೊಂಡರು. ಆ ಒಂದು ವಿಷಯದಲ್ಲಾದರೂ ಅವರು ಮಕ್ಕಳಿಗೆ ಎರಡನೇ ಬಾಗಿಲು ತೆರೆದೇ ಇಟ್ಟಿದ್ರು.

ನಮಗೆ ಅನ್ಸೋದು ಇಷ್ಟು. ಅಪ್ಪ ಅಮ್ಮನ ಕನಸು ನಮ್ಮ ತನಕ ಬರೋದನ್ನ ಯಾರೂ ತಪ್ಪಿಸೋಕೆ ಆಗಲ್ಲ. ಅದು ಮೂಗು, ಹಲ್ಲು, ಮಾತಿನ ಧಾಟಿ ಬಂದ ಹಾಗೇ ಬರುತ್ತೆ. ಆದ್ರೆ ಅವರು ಅದಕ್ಕಾಗಿ ಏನು ಮಾಡಿದ್ರು, ಎಲ್ಲಿ ನಿಂತರು, ಯಾಕೆ ಅದು ಅವರಿಗೆ ಸಿಗಲಿಲ್ಲ ಅನ್ನೋದು ಗೊತ್ತಾದರೆ ಆ ಕನಸಿನ ಜೊತೆ ಮಾತಾಡಬಹುದು, ಬೇಕಾದ್ರೆ ಜಗಳನೂ ಆಡಬಹುದು. ಓವೆನ್ ಹುಡುಗಿಯರಿಗೆ ಅಮ್ಮನ ಕಥೆ ಪೂರ್ತಿ ಗೊತ್ತಿತ್ತು. ನಮಗೆ ನಮ್ಮ ಅಮ್ಮಂದಿರ ಕಥೆ ಎಷ್ಟು ಗೊತ್ತು? ಅವರು ಪಿಯುಸಿಯಲ್ಲಿ ಏನಾಗಬೇಕು ಅಂತಿದ್ರು, ಶಾಲೆಯಲ್ಲಿ ಖೋ ಖೋ ಚೆನ್ನಾಗಿ ಆಡ್ತಿದ್ರಾ, ಹಾಡ್ತಿದ್ರಾ, ಯಾವಾಗ ಬಿಟ್ಟರು, ಯಾರು ಬಿಡಿಸಿದರು?

ಲಾರೆನ್ಸ್ ಬದುಕಿದ್ದಿದ್ದರೆ 1964ರಲ್ಲಿ ಚಿನ್ನ ಗೆಲ್ತಿದ್ದಳಾ, ಇಲ್ಲ ಅಮ್ಮನ ಹತ್ರ ಜಗಳ ಆಡಿ ಸ್ಕೇಟ್ ಬಿಚ್ಚಿಟ್ಟು ಬೇರೇನೋ ಮಾಡ್ತಿದ್ದಳಾ, ಅದು ಯಾರಿಗೂ ಗೊತ್ತಾಗಲ್ಲ. ಆ ಜಗಳ ಆಡೋ ವಯಸ್ಸೇ ಅವಳಿಗೆ ಬರಲಿಲ್ಲ. ನಮಗೆ ಬಂದಿದೆ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ, ದುಡ್ಡು ಕಳಿಸ್ತೀರಾ ಅನ್ನೋದರ ಜೊತೆ ಅಮ್ಮನ್ನ ಇದೊಂದು ಕೇಳಿ ನೋಡಿ: ನಮ್ಮ ವಯಸ್ಸಲ್ಲಿ ನಿನಗೆ ಏನಾಗಬೇಕು ಅಂತ ಇತ್ತು?